ಕ್ರಮವಿಧಿಯ ಮೊದಲ ಪಾಠ ಯಾವ ಭಾಷೆಯಲ್ಲಿ?

ಹೊರನಾಡ ಕನ್ನಡಿಗರ ಸಭೆಗಳಲ್ಲಿ ಮಾತೃಭಾಷಾ ಶಿಕ್ಷಣದ ಪ್ರಶ್ನೆ ಎದ್ದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಕಾವ್ಯಕ್ಕೆ, ನಾಟಕಕ್ಕೆ, ಯಕ್ಷಗಾನಕ್ಕೆ ಕನ್ನಡ ಸಾಕು. ಗಣಕಯಂತ್ರದ ವಿಷಯಕ್ಕೆ ಬಂದರೆ ಮಾತ್ರ ಇಂಗ್ಲಿಷಲ್ಲದೆ ಗತಿಯಿಲ್ಲ ಎಂಬುದೇ ಆ ಮಾತು. ಇದನ್ನು ಆಡುವವರು ಕನ್ನಡದ ವಿರೋಧಿಗಳೇನಲ್ಲ. ರಾಜ್ಯೋತ್ಸವಕ್ಕೆ ಚಂದಾ ಎತ್ತುವವರೂ, ಭಾನುವಾರಗಳಂದು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವವರೂ ಇದನ್ನೇ ಆಡುತ್ತಾರೆ. ಒಪ್ಪಿತ ಸತ್ಯವೆಂಬಂತೆ ಚಲಾವಣೆಯಲ್ಲಿರುವ ಈ ಅಭಿಪ್ರಾಯವನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ವಿಶ್ವವಿದ್ಯಾಲಯದ ಪ್ರಥಮ ವರ್ಷದಲ್ಲಿ ಕಲಿಸಲಾಗುವ ಪ್ರೋಗ್ರಾಮಿಂಗ್, ಅಂದರೆ ಗಣಕಕ್ಕೆ ಕ್ರಮವಿಧಿಯನ್ನು ಬರೆಯುವ ವಿದ್ಯೆ, ಮೇಲ್ನೋಟಕ್ಕೆ ಯಂತ್ರದ ಪಾಠವಾದರೂ ಮೂಲತಃ ಭಾಷೆಯ ಪಾಠ. ಆದುದರಿಂದಲೇ ಅದರ ವಿವರಣೆ, ಪ್ರಶ್ನೋತ್ತರ ಮತ್ತು ಚರ್ಚೆ ವಿದ್ಯಾರ್ಥಿ ಯೋಚಿಸುವ ಭಾಷೆಯಲ್ಲಿ ನಡೆಯಬೇಕೆಂಬುದು ನನ್ನ ವಾದ.

ಈ ಪಾಠದ ಚರಿತ್ರೆ ನಮ್ಮ ದೇಶದಲ್ಲಿ ತೀರ ಹೊಸತೇನಲ್ಲ. ಭಾರತದಲ್ಲೇ ನಿರ್ಮಾಣಗೊಂಡ ಆರಂಭಕಾಲದ ಗಣಕವಾದ ಟಿಫ್ರಾಕ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಪೂರ್ಣಪ್ರಮಾಣದಲ್ಲಿ ಕಾರ್ಯಾರಂಭ ಮಾಡಿತು. 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಗಣಕ ಬಂದಿತು. ಮುಂದೆ 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರಂಥ ಅಧ್ಯಾಪಕರು ಅಲ್ಲಿ ಈ ವಿದ್ಯೆಯನ್ನು ಬೇರೂರಿಸಿದರು. ಅತ್ತ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರಲ್ಲಿ ಬೇಸಿಕ್ ಭಾಷೆಯನ್ನು ರೂಪಿಸಿದ್ದು ವಿಜ್ಞಾನೇತರ ವಿದ್ಯಾರ್ಥಿಗಳಿಗೂ ಗಣಕ ಎಟುಕಬೇಕೆಂಬ ಉದ್ದೇಶದಿಂದ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್ ಭಾಷೆಯೂ ಬೋಧನೆಯನ್ನೇ ಮುಂದಿಟ್ಟುಕೊಂಡು ಹುಟ್ಟಿದ್ದು. ಬಳಿಕ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿ ಭಾಷೆ ದೀರ್ಘಕಾಲ ಆಳಿತು; ಈಗ 1991ರಲ್ಲಿ ಹೊರಬಂದ ಪೈಥಾನ್ ಅದರ ಪಕ್ಕದಲ್ಲಿ ಕುಳಿತಿದೆ. ಭಾಷೆಗಳು ಬದಲಾದವು. ಪಾಠ ಹೇಳುವ ಮತ್ತು ಪರೀಕ್ಷಿಸುವ ಕ್ರಮ ಮಾತ್ರ ಅಷ್ಟಾಗಿ ಬದಲಾಗಲಿಲ್ಲ.

ಕ್ರಮವಿಧಿಯೆಂದರೇನು? ಒಂದು ಕಾರ್ಯವನ್ನು ಯಾವ ಅನುಕ್ರಮದಲ್ಲಿ, ಯಾವ ಷರತ್ತುಗಳಿಗೆ ಒಳಪಟ್ಟು, ಎಲ್ಲಿಯ ತನಕ ಮಾಡಬೇಕೆಂದು ಸಂದಿಗ್ಧತೆಗೆ ಎಡೆಯಿಲ್ಲದಂತೆ ಬರೆದ ಆದೇಶಮಾಲೆ. ಇಂಥ ವಿಧಿಯನ್ನು ಸೂಚಿಸುವ ಆಲ್ಗರಿದಂ ಎಂಬ ಪದ 9ನೇ ಶತಮಾನದ ಬಾಗ್ದಾದಿನ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಬಂದದ್ದು. ಅದೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ. 12ನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಲೆಕ್ಕದ ವಿಧಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುವ ಕೆಲಸ ಕನ್ನಡಕ್ಕೆ ಅಪರಿಚಿತವೇನಲ್ಲ ಎಂಬುದಕ್ಕೆ ಈ ಒಂದು ನಿದರ್ಶನ ಸಾಕು. ಹಾಗೆಂದು ಪೂರ್ವಜರಿಗೆ ಎಲ್ಲವೂ ತಿಳಿದಿತ್ತೆಂದೋ, ಸಂಸ್ಕೃತವೇ ಗಣಕಕ್ಕೆ ಅತ್ಯುತ್ತಮ ಭಾಷೆಯೆಂದೋ ಭಾಷಣ ಮಾಡುವುದರಿಂದ ಪ್ರಥಮ ವರ್ಷದ ವಿದ್ಯಾರ್ಥಿಯ ಒಂದು ಸಂದೇಹವೂ ಪರಿಹಾರವಾಗುವುದಿಲ್ಲ.

ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನನ್ನಂಥವನಿಗೆ ಈ ವಿದ್ಯೆ ಸುತ್ತೋಲೆ ಬರೆಯುವ ಕಸಬಿಗೆ ತೀರ ಹತ್ತಿರವಾಗಿ ಕಾಣುತ್ತದೆ. ವ್ಯತ್ಯಾಸ ಒಂದೇ. ಸುತ್ತೋಲೆಯಲ್ಲಿ ಲೋಪವಿದ್ದರೆ ಅನುಭವಿ ಗುಮಾಸ್ತ ತನ್ನ ವಿವೇಕದಿಂದ ಅದನ್ನು ತುಂಬಿಕೊಳ್ಳುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ. ರಜೆಯ ಅರ್ಜಿಯಲ್ಲಿ ‘10ನೇ ತಾರೀಖಿನವರೆಗೆ’ ಎಂದು ಬರೆದಿದ್ದರೆ 10ರಂದು ನೌಕರ ಕಚೇರಿಗೆ ಹಾಜರಾಗಬೇಕೋ ಬೇಡವೋ ಎಂಬ ಜಿಜ್ಞಾಸೆ ಯಾವ ಕಚೇರಿಯಲ್ಲಿ ನಡೆದಿಲ್ಲ? ಕ್ರಮವಿಧಿ ಕಲಿಯುವ ಹೊಸಬರನ್ನು ಅತಿ ಹೆಚ್ಚು ಕಾಡುವ ತಪ್ಪುಗಳಲ್ಲಿ ಇದೂ ಒಂದು. 1ರಿಂದ 10ರವರೆಗೆ ಎಂದು ಓದಿಕೊಳ್ಳಬಹುದಾದ ಪೈಥಾನ್ ಆದೇಶ ವಸ್ತುತಃ 9ಕ್ಕೇ ನಿಲ್ಲುತ್ತದೆ. ‘ವರೆಗೆ’ ಎಂಬಲ್ಲಿ ಕೊನೆಯದು ಸೇರಿದೆಯೇ ಇಲ್ಲವೇ ಎಂದು ಒಮ್ಮೆ ಕನ್ನಡದಲ್ಲಿ ಜಗಳವಾಡಿದ ವಿದ್ಯಾರ್ಥಿ ಆ ತಪ್ಪನ್ನು ಸುಲಭವಾಗಿ ಮರಳಿ ಮಾಡಲಾರ.

ಅಧಿಕ ವರ್ಷದ ಲೆಕ್ಕವನ್ನು ತೆಗೆದುಕೊಳ್ಳಿ. ಪ್ರಥಮ ವರ್ಷದ ಪಠ್ಯಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆ ಕಾಣಸಿಗುವ ಅಭ್ಯಾಸವಿದು. 4ರಿಂದ ನಿಶ್ಶೇಷವಾಗಿ ಭಾಗವಾಗುವ ವರ್ಷ ಅಧಿಕ ವರ್ಷ. ಆದರೆ 100ರಿಂದ ಭಾಗವಾಗುವುದಾದರೆ ಅಲ್ಲ. ಹಾಗಿದ್ದೂ 400ರಿಂದ ಭಾಗವಾದರೆ ಹೌದು. ಆದುದರಿಂದ 1900 ಅಧಿಕ ವರ್ಷವಲ್ಲ, 2000 ಹೌದು, 2100 ಅಲ್ಲ. ಇಲ್ಲಿನ ಗಣಿತ ಪ್ರಾಥಮಿಕ ಶಾಲೆಯ ಭಾಗಾಕಾರಕ್ಕಿಂತ ಮುಂದಿನದಲ್ಲ. ತೊಡಕೆಲ್ಲ ‘ಆದರೆ’, ‘ಹಾಗಿದ್ದೂ’, ‘ಹೊರತು’ ಎಂಬ ಪದಗಳ ಪರಸ್ಪರ ಅಧೀನತೆಯನ್ನು ಬಿಡಿಸುವುದರಲ್ಲಿದೆ. ಅಪವಾದ ಮತ್ತು ಅಪವಾದದ ಅಪವಾದವನ್ನು ತನ್ನ ಭಾಷೆಯಲ್ಲಿ ಬಿಡಿಸಿ ಹೇಳಬಲ್ಲವನಿಗೆ ಉಳಿದದ್ದು ಲಿಪ್ಯಂತರ ಮಾತ್ರ. ಹಾಗೆ ಹೇಳಲಾರದವನು ಆವರಣ ಚಿಹ್ನೆಗಳನ್ನು ಇಲ್ಲಿಂದ ಅಲ್ಲಿಗೆ ಸರಿಸುತ್ತ, ಯಂತ್ರ ಎಂದಾದರೊಮ್ಮೆ ಒಪ್ಪಿಕೊಂಡೀತೆಂದು ಕಾಯುತ್ತ ಕುಳಿತಿರುತ್ತಾನೆ. ಷರತ್ತನ್ನು ಮೊದಲು ಹೇಳಿ ಕ್ರಿಯೆಯನ್ನು ಕೊನೆಗಿಡುವುದು ಕನ್ನಡ ವಾಕ್ಯದ ಸಹಜ ಜಾಯಮಾನ. ಷರತ್ತಿನ ಆದೇಶವನ್ನು ವಿವರಿಸಲು ಇದಕ್ಕಿಂತ ಅನುಕೂಲವಾದ ವಾಕ್ಯರಚನೆ ಇನ್ನೇನು ಬೇಕು?

ಎಕ್ಸ್ ಎಂಬುದು ಎಕ್ಸ್ ಪ್ಲಸ್ ಒಂದಕ್ಕೆ ಸಮ ಎಂಬ ಸಾಲನ್ನು ಮೊದಲ ಸಲ ಕಂಡಾಗ ಬೀಜಗಣಿತ ಬಲ್ಲ ವಿದ್ಯಾರ್ಥಿ ದಿಗ್ಭ್ರಮೆಗೊಳ್ಳುತ್ತಾನೆ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಿನ ಸಂಖ್ಯೆಗೆ ಸಮನಾಗದು. ಆ ಚಿಹ್ನೆ ಇಲ್ಲಿ ಸಮತೆಯನ್ನು ಹೇಳುತ್ತಿಲ್ಲ. ‘ಎಣಿಕೆಗೆ ಒಂದನ್ನು ಕೂಡಿಸಿ ಬಂದದ್ದನ್ನು ಎಣಿಕೆಯ ಪೆಟ್ಟಿಗೆಯಲ್ಲೇ ಇಡು’ ಎಂದು ಆಜ್ಞಾಪಿಸುತ್ತಿದೆ. ಈ ಒಂದು ವಾಕ್ಯವನ್ನು ಅಧ್ಯಾಪಕರು ಕನ್ನಡದಲ್ಲಿ ಹೇಳಿದರೆ ಎರಡು ನಿಮಿಷದಲ್ಲಿ ಕವಿದ ಮಂಜು ಸರಿಯುತ್ತದೆ. ಹೇಳದೆ ಹೋದಲ್ಲಿ ಆ ಮಂಜು ಪದವಿಯ ಕೊನೆಯವರೆಗೂ ಉಳಿದಿರುವುದುಂಟು.

ಇಂಗ್ಲಿಷ್ ಬಲ್ಲವರಿಗೆ ಇದೆಲ್ಲ ಸುಲಭವಲ್ಲವೇ ಎಂದು ಓದುಗರು ಕೇಳಬಹುದು. ಸುಲಭವಲ್ಲ ಎಂಬುದಕ್ಕೆ ದೃಢವಾದ ಆಧಾರಗಳಿವೆ. ಮೈಕ್ ಮೆಕ್‌ಕ್ರಾಕನ್ ನೇತೃತ್ವದ ತಂಡವೊಂದು ಒಂದಕ್ಕಿಂತ ಹೆಚ್ಚು ದೇಶಗಳ ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳನ್ನು, ಅವರು ಆರಂಭಿಕ ಪ್ರೋಗ್ರಾಮಿಂಗ್ ಪಾಠಗಳನ್ನು ಮುಗಿಸಿದ ಮೇಲೆ ಪರೀಕ್ಷಿಸಿ, 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. 110 ಅಂಕಗಳಿಗೆ ಸರಾಸರಿ 23 ಅಂಕಗಳನ್ನೂ ಅವರು ಮುಟ್ಟಲಿಲ್ಲ. 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಇನ್ನೂ ಹಿಂದಕ್ಕೆ ಹೋಗಿ ನೋಡಿದಾಗ, ಬರೆಯುವುದಿರಲಿ, ಬರೆದಿಟ್ಟ ಚಿಕ್ಕ ಕ್ರಮವಿಧಿಯನ್ನು ಓದಿ ಅದು ಏನು ಮಾಡುತ್ತದೆಂದು ಹೇಳುವುದರಲ್ಲೇ ಅನೇಕರು ಎಡವುತ್ತಿದ್ದರೆಂದು ತಿಳಿದುಬಂದಿತು. ಈ ಆರಂಭಿಕ ಪಾಠದಲ್ಲಿ ಜಗತ್ತಿನಾದ್ಯಂತ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ತೇರ್ಗಡೆಯಾಗುವುದಿಲ್ಲವೆಂದು 2007ರ ಮತ್ತು 2014ರ ಎರಡು ಪ್ರತ್ಯೇಕ ಅಧ್ಯಯನಗಳು ಅಂದಾಜು ಮಾಡಿದವು. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಅಂದಮೇಲೆ ಈ ಬೀಗಕ್ಕೆ ಇಂಗ್ಲಿಷೇ ಕೀಲಿಕೈ ಎಂಬ ನಂಬಿಕೆ ನಿಲ್ಲುವುದಿಲ್ಲ. ಕೀಲಿಕೈ ನಿಖರವಾಗಿ ಓದುವ, ನಿಖರವಾಗಿ ಹೇಳುವ ಅಭ್ಯಾಸದಲ್ಲಿದೆ. ಆ ಅಭ್ಯಾಸ ಮೊದಲು ಕುದುರುವುದು ತಾಯ್ನುಡಿಯಲ್ಲಿ.

ಈ ಮಾತನ್ನು ಕನ್ನಡಾಭಿಮಾನಿಗಳಷ್ಟೇ ಹೇಳುತ್ತಿಲ್ಲ. ಗಣಕವಿಜ್ಞಾನದ ಶ್ರೇಷ್ಠರಲ್ಲಿ ಒಬ್ಬನಾದ ಎಡ್ಸ್‌ಗರ್ ಡೈಕ್‌ಸ್ಟ್ರಾ ಡಚ್ ಮಾತೃಭಾಷೆಯವನು. ತನ್ನ ಬರಹದ ಬಹುಭಾಗವನ್ನು ಇಂಗ್ಲಿಷಿನಲ್ಲೇ ಮಾಡಿದವನು. ಅಂಥವನು 1975ರ ಒಂದು ಟಿಪ್ಪಣಿಯಲ್ಲಿ, ಸಮರ್ಥ ಕ್ರಮವಿಧಿಕಾರನಿಗೆ ಗಣಿತದ ಒಲವಿನ ಜೊತೆಗೆ ಬೇಕಾದ ಅತಿ ಮುಖ್ಯ ಬಂಡವಾಳವೆಂದು ಎಣಿಸಿದ್ದು ಮಾತೃಭಾಷೆಯ ಮೇಲಿನ ಅಸಾಧಾರಣ ಪ್ರಭುತ್ವವನ್ನು. ಡೊನಾಲ್ಡ್ ಕ್ನೂತ್ 1984ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ರಮವಿಧಿಯನ್ನು ಮನುಷ್ಯರು ಓದುವ ಪ್ರಬಂಧದಂತೆ ಬರೆಯಬೇಕೆಂದು ಪ್ರತಿಪಾದಿಸಿದ. ಇಂಥವರ ತಂತ್ರಗಳನ್ನು ನಮ್ಮ ಪಠ್ಯಕ್ರಮಗಳು ಆಮದು ಮಾಡಿಕೊಂಡವು. ಭಾಷೆಯ ಬಗೆಗಿನ ಅವರ ಕಾಳಜಿಯನ್ನು ಬಂದರಿನಲ್ಲೇ ಬಿಟ್ಟು ಬಂದವು.

ನಮ್ಮ ಕಾಲೇಜುಗಳಲ್ಲಿ ನಡೆಯುತ್ತಿರುವುದಾದರೂ ಏನು? ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಹತ್ತು ಹನ್ನೆರಡು ಕ್ರಮವಿಧಿಗಳನ್ನು ನಕಲು ಮಾಡುವುದು. ಕ್ರಮವಿಧಿಗೆ ಮೊದಲು ಬರೆಯಬೇಕಾದ ಪ್ರವಾಹನಕ್ಷೆಯನ್ನು ಅದು ಮುಗಿದ ಮೇಲೆ ಎಡಪುಟದಲ್ಲಿ ಅಂದವಾಗಿ ಬಿಡಿಸುವುದು. ಪರೀಕ್ಷೆಯ ದಿನ ಚೀಟಿ ಎತ್ತಿ, ಅದರಲ್ಲಿ ಬಂದದ್ದನ್ನು ಕಂಠಪಾಠದಿಂದ ಬೆರಳಚ್ಚಿಸುವುದು. ಇದಕ್ಕೆ ಗೌರವಾರ್ಹ ಅಪವಾದಗಳಿವೆ. ಸಾಮಾನ್ಯ ಚಿತ್ರ ಮಾತ್ರ ಇದೇ. ಸೇವಾವಧಿಯಲ್ಲಿ ಕೆಲವು ಆಯ್ಕೆ ಸಮಿತಿಗಳಲ್ಲಿ ಕುಳಿತು ಈ ಶಿಕ್ಷಣದ ಫಲವನ್ನು ಕಂಡಿದ್ದೇನೆ. ಅವಿಭಾಜ್ಯ ಸಂಖ್ಯೆಯನ್ನು ಗುರುತಿಸುವ ಕ್ರಮವಿಧಿಯನ್ನು ತಡೆಯಿಲ್ಲದೆ ಒಪ್ಪಿಸಿದ ಅಭ್ಯರ್ಥಿಗಳು, 1 ಎಂಬ ಸಂಖ್ಯೆಯನ್ನು ಕೊಟ್ಟರೆ ನಿಮ್ಮ ಕ್ರಮವಿಧಿ ಏನು ಹೇಳುತ್ತದೆ ಎಂದು ಕೇಳಿದಾಗ ಮೌನ ತಾಳುತ್ತಿದ್ದರು. 1 ಅವಿಭಾಜ್ಯವಲ್ಲ ಎಂಬುದು ಅವರಿಗೆ ಗೊತ್ತಿತ್ತು. ತಾವು ಬರೆದದ್ದನ್ನು ಸಾಲು ಸಾಲಾಗಿ ಓದಿ ಪರಿಶೀಲಿಸಬಹುದೆಂಬ ಕಲ್ಪನೆಯನ್ನೇ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಈ ವ್ಯವಸ್ಥೆಯ ಭಾರ ಎಲ್ಲರ ಮೇಲೂ ಸಮಾನವಾಗಿ ಬೀಳುವುದಿಲ್ಲ. ಕರ್ನಾಟಕದ ಗ್ರಾಮಾಂತರ ಕನ್ನಡ ಶಾಲೆಗಳಲ್ಲಿ ಓದಿ ಬಂದವರ ಪಾಡು ಗೊತ್ತಿರುವಂಥದೇ. ಹೊರನಾಡ ಪತ್ರಿಕೆಯ ಓದುಗರು ಇನ್ನೊಂದು ವರ್ಗವನ್ನೂ ನೆನೆಯಬೇಕು. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲೂ, ಕೇರಳದ ಕಾಸರಗೋಡಿನಲ್ಲೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿಂದ ಪುಣೆಯ ಕಾಲೇಜು ಸೇರುವ ಹುಡುಗಿಯ ಪಠ್ಯ ಇಂಗ್ಲಿಷಿನಲ್ಲಿ. ಸಹಪಾಠಿಗಳ ಪಿಸುಮಾತು ಮರಾಠಿಯಲ್ಲಿ. ಅವಳ ಆಲೋಚನೆ ಕನ್ನಡದಲ್ಲಿ. ಮೂರು ಭಾಷೆಗಳ ಸಂಧಿಯಲ್ಲಿ ನಿಂತು ನಾಲ್ಕನೆಯದಾದ ಯಂತ್ರಭಾಷೆಯನ್ನು ಅವಳು ಕಲಿಯಬೇಕು. ತಪ್ಪಾದಾಗ ಯಂತ್ರ ತೋರಿಸುವ ದೋಷಸೂಚನೆಯೂ ಇಂಗ್ಲಿಷಿನಲ್ಲೇ. ಸಂದೇಹವನ್ನು ಕೇಳಲು ಬೇಕಾದ ವಾಕ್ಯ ಅವಳ ನಾಲಿಗೆಯಲ್ಲಿ ಸಿದ್ಧವಾಗುವಷ್ಟರಲ್ಲಿ ತರಗತಿಯ ಗಂಟೆ ಬಾರಿಸಿರುತ್ತದೆ. ಆರು ತಿಂಗಳು ಕಳೆದ ಮೇಲೆ ಅವಳಿಗೆ ಪ್ರೋಗ್ರಾಮಿಂಗ್ ಬುದ್ಧಿಯಿಲ್ಲವೆಂದು ತೀರ್ಮಾನವಾಗುತ್ತದೆ. ಅನೇಕ ವೇಳೆ ಆ ತೀರ್ಮಾನ ಮಾಡುವವಳು ಅವಳೇ ಎಂಬುದು ಈ ಕಥೆಯ ಅತ್ಯಂತ ವಿಷಾದಕರ ಭಾಗ.

ಆಕ್ಷೇಪಗಳನ್ನು ಪರಿಶೀಲಿಸೋಣ. ಪ್ರೋಗ್ರಾಮಿಂಗ್ ಭಾಷೆಯ ಪದಗಳೇ ಇಂಗ್ಲಿಷಿನವು ಎನ್ನುತ್ತಾರೆ. ಹೌದು, ಅವೆಷ್ಟು? ಸಿ ಭಾಷೆಯ 1989ರ ಮಾನಕದಲ್ಲಿದ್ದ ಮೀಸಲು ಪದಗಳು ಕೇವಲ 32. ಗಾಡಿ ದುರಸ್ತಿ ಮಾಡುವ ನಮ್ಮ ಹುಡುಗರು ಇದಕ್ಕಿಂತ ಹೆಚ್ಚು ಇಂಗ್ಲಿಷ್ ಪದಗಳನ್ನು ಯಾವ ಗ್ರಂಥದ ನೆರವೂ ಇಲ್ಲದೆ ಕಲಿತಿದ್ದಾರೆ. ಹೆಸರುಗಳ ಮಟ್ಟಿಗಂತೂ ಈಗ ಆ ನಿರ್ಬಂಧವೂ ಸಡಿಲಿದೆ. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಮೊದಲ್ಗೊಂಡು, ಚರಾಂಶಗಳಿಗೆ ‘ಮೊತ್ತ’, ‘ಅಂಕ’, ‘ವರ್ಷ’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು, ಯಂತ್ರ ಗೊಣಗುವುದಿಲ್ಲ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರು ಮಕ್ಕಳಿಗೆಂದೇ ಇರುವ ಲೋಗೊ ಭಾಷೆಯನ್ನು ಕನ್ನಡದಲ್ಲಿ ರೂಪಿಸಿ, ಆದೇಶಗಳೂ ಕನ್ನಡದಲ್ಲಿರಲು ಸಾಧ್ಯವೆಂದು ತೋರಿಸಿದ್ದಾರೆ. ಶಾಲಾ ಮಕ್ಕಳಿಗೆ ಅದು ಉತ್ತಮ ಸೋಪಾನ. ವಿಶ್ವವಿದ್ಯಾಲಯದ ಮಟ್ಟದಲ್ಲಿ ನಾನು ಕೇಳುತ್ತಿರುವುದು ಅದಕ್ಕಿಂತ ಕಡಿಮೆ: ಆ 32 ಪದಗಳು ಇಂಗ್ಲಿಷಿನಲ್ಲೇ ಇರಲಿ, ಅವುಗಳ ಸುತ್ತಲಿನ ಸಾವಿರ ಮಾತುಗಳು ಕನ್ನಡದಲ್ಲಿರಲಿ.

ಕನ್ನಡದಲ್ಲಿ ಕಲಿತವರಿಗೆ ಉದ್ಯೋಗ ಯಾರು ಕೊಡುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಈ ಭಯ ನಿರಾಧಾರವಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕೆ ಅವಕಾಶವಿತ್ತಾಗ ಕರ್ನಾಟಕದಲ್ಲಿ ಅದಕ್ಕೆ ದೊರೆತ ಪ್ರತಿಕ್ರಿಯೆ ನೀರಸವಾಗಿತ್ತು. ತಂದೆತಾಯಿಗಳನ್ನು ಇದಕ್ಕಾಗಿ ದೂಷಿಸಲಾಗದು. ಇಡೀ ಪದವಿಯನ್ನು ಕನ್ನಡ ಮಾಧ್ಯಮಕ್ಕೆ ತಿರುಗಿಸುವುದು ಒಂದು ಪ್ರಶ್ನೆ. ಮೊದಲ ಪಾಠವನ್ನು ಕನ್ನಡದ ನೆರವಿನಿಂದ ಅರ್ಥ ಮಾಡಿಸುವುದು ಇನ್ನೊಂದು. ಮೊದಲನೆಯದು ಸಾಧ್ಯವಾಗಲಿಲ್ಲವೆಂದು ಎರಡನೆಯದನ್ನು ಕೈಬಿಡುವುದು ವಿವೇಕವಲ್ಲ. ತರ್ಕ ಒಮ್ಮೆ ಕೈವಶವಾದವನಿಗೆ ಕಚೇರಿಯ ಇಂಗ್ಲಿಷ್ ವರ್ಷದೊಳಗೆ ಒಲಿಯುತ್ತದೆ. ಇಂಗ್ಲಿಷ್ ಮಾತ್ರ ಬಂದು ತರ್ಕ ಬಾರದವನ ಸ್ಥಿತಿ ಹಾಗಲ್ಲ.

ಮೂರನೆಯ ಆಕ್ಷೇಪ ಇತ್ತೀಚಿನದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ತರುವಾಯ ಪ್ರಥಮ ವರ್ಷದ ಅಭ್ಯಾಸಗಳನ್ನೆಲ್ಲ ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತಿರುವಾಗ, ಈ ವಿದ್ಯೆಯನ್ನು ಕಲಿಯುವುದಾದರೂ ಏಕೆ? ಕಂಠಪಾಠದ ಶಿಕ್ಷಣಕ್ಕೆ ಈ ಪ್ರಶ್ನೆ ಮರಣಶಾಸನವೇ ಸರಿ, ಅದಕ್ಕಾಗಿ ಕಣ್ಣೀರಿಡಬೇಕಾಗಿಲ್ಲ. ಇಂಥ ಯಂತ್ರಗಳಿಗೆ ಬೇಕಾದುದನ್ನು ಮಾತಿನಲ್ಲಿ ನಿಖರವಾಗಿ ಹೇಳಬೇಕು. ಅವು ಕೊಟ್ಟದ್ದನ್ನು ಓದಿ, ಎಲ್ಲಿ ತಪ್ಪಿದೆ ಎಂದು ಹಿಡಿಯಬೇಕು, ಏಕೆಂದರೆ ಅವು ಪೂರ್ಣ ಆತ್ಮವಿಶ್ವಾಸದಿಂದಲೇ ತಪ್ಪುತ್ತವೆ. ಹೇಳುವುದು ಮತ್ತು ಓದುವುದು, ಎರಡೂ ಭಾಷೆಯ ಕೆಲಸಗಳೇ. ಈ ಯಂತ್ರಗಳು ಕನ್ನಡದಲ್ಲೂ ವಿವರಣೆ ನೀಡುತ್ತವೆ ಎಂಬುದು ಅನುಕೂಲವೇ. ಆ ವಿವರಣೆ ಸರಿಯೇ ಎಂದು ತೂಗಿ ನೋಡುವ ತಕ್ಕಡಿ ಮಾತ್ರ ವಿದ್ಯಾರ್ಥಿಯ ತಲೆಯೊಳಗೇ ಇರಬೇಕಾಗುತ್ತದೆ.

ಈ ವಿದ್ಯೆ ತಂತ್ರಾಂಶ ನೌಕರರಿಗಷ್ಟೇ ಬೇಕಾದದ್ದು ಎಂಬ ಭಾವನೆಯೂ ಹೋಗಬೇಕು. ಗಣಕದೊಳಗೆ ನಮ್ಮ ಆಶಯವನ್ನು ಅರಿಯುವ ಗೂಢ ಮನಸ್ಸೊಂದಿದೆ ಎಂಬ ಭ್ರಮೆಯೇ ಹೊಸಬರ ಅನೇಕ ತಪ್ಪುಗಳ ಮೂಲವೆಂದು ರಾಯ್ ಪೀ 1986ರಲ್ಲೇ ಗುರುತಿಸಿದ್ದರು. ದೊಡ್ಡ ಸಂಸ್ಥೆಗಳಲ್ಲಿ ಈ ಭ್ರಮೆ, ಯಂತ್ರ ತಪ್ಪಲಾರದು ಎಂಬ ಇನ್ನೊಂದು ರೂಪ ತಾಳುತ್ತದೆ. ಬ್ರಿಟನ್ನಿನ ಅಂಚೆ ಸಂಸ್ಥೆ ಅಳವಡಿಸಿದ ಹೊರೈಜನ್ ಎಂಬ ಲೆಕ್ಕಪತ್ರ ತಂತ್ರಾಂಶ ಇಲ್ಲದ ಕೊರತೆಯನ್ನು ತೋರಿಸಿತು. ಅದನ್ನು ನಂಬಿ, 1999 ಮತ್ತು 2015ರ ನಡುವೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರನ್ನು ಕಳ್ಳತನ, ವಂಚನೆ, ಸುಳ್ಳು ಲೆಕ್ಕಗಳ ಆರೋಪದ ಮೇಲೆ ದೋಷಿಗಳೆಂದು ಘೋಷಿಸಲಾಯಿತು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಉಚ್ಚ ನ್ಯಾಯಾಲಯ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸುವ ಶಾಸನ ಬಂದದ್ದು 2024ರಲ್ಲಿ. ನಮ್ಮ ದೇಶದಲ್ಲೂ ಪಡಿತರ, ಪಿಂಚಣಿ, ವಿದ್ಯಾರ್ಥಿವೇತನಗಳು ಇಂದು ಕ್ರಮವಿಧಿಗಳ ಮೂಲಕವೇ ಜನರನ್ನು ತಲುಪುತ್ತಿವೆ. ‘ಸಿಸ್ಟಂ ಒಪ್ಪುತ್ತಿಲ್ಲ’ ಎಂಬ ಗುಮಾಸ್ತನ ಉತ್ತರವನ್ನು ಕೇಳಿ ಹಿಂದಿರುಗುವ ಮುದುಕಿಯ ಪರವಾಗಿ, ಯಾವ ಷರತ್ತಿಗೆ ಒಪ್ಪುತ್ತಿಲ್ಲ, ಆ ಷರತ್ತನ್ನು ಬರೆದವರು ಯಾರು ಎಂದು ಕೇಳಬಲ್ಲ ಅಧಿಕಾರಿಗಳೂ ವಕೀಲರೂ ಪತ್ರಕರ್ತರೂ ನಮಗೆ ಬೇಕು. ಆ ಪ್ರಶ್ನೆ ಜನರ ಭಾಷೆಯಲ್ಲಿ ಹುಟ್ಟದಿದ್ದರೆ ಜನರ ಪರವಾಗಿ ಹುಟ್ಟುವುದೂ ಕಷ್ಟ.

ಮಾಡಬೇಕಾದದ್ದೇನು? ವಿಶ್ವವಿದ್ಯಾಲಯಗಳು ಮೊದಲ ಕೆಲವು ವಾರಗಳನ್ನು ಕ್ರಮವಿಧಿಗಳ ಓದಿಗೆ ಮೀಸಲಿಡಲಿ: ಕಾಗದದ ಮೇಲೆ, ಪ್ರತಿ ಚರಾಂಶಕ್ಕೊಂದು ಕಂಬಸಾಲು ಎಳೆದು, ಬೆಲೆಗಳು ಬದಲಾಗುವುದನ್ನು ಕೈಯಾರೆ ಬರೆಯುತ್ತ. ಪರೀಕ್ಷೆಯಲ್ಲಿ ಕಂಠಪಾಠದ ಕ್ರಮವಿಧಿಗೆ ಬದಲು, ತಪ್ಪಿರುವ ಕ್ರಮವಿಧಿಯೊಂದನ್ನು ಕೊಟ್ಟು ದೋಷವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ವಿವರಿಸಲು ಹೇಳಲಿ. ವಾರಕ್ಕೊಂದು ಗಂಟೆಯಾದರೂ ಸಂದೇಹ ಪರಿಹಾರಕ್ಕೆ ಕನ್ನಡದ ತರಗತಿ ಇರಲಿ. ಇದಕ್ಕೆ ಹೊಸ ಕಟ್ಟಡವಾಗಲಿ, ಹೊಸ ಹುದ್ದೆಯಾಗಲಿ ಬೇಕಾಗಿಲ್ಲ.

ನಮ್ಮ ಸಂಘಗಳಿಗೂ ಇಲ್ಲಿ ಪಾಲಿದೆ. ಮುಂಬಯಿಯ ಕನ್ನಡಿಗರು ಕಳೆದ ಶತಮಾನದಲ್ಲಿ ಕಟ್ಟಿ ನಡೆಸಿದ ರಾತ್ರಿಶಾಲೆಗಳನ್ನು ಹಿರಿಯರು ಬಲ್ಲರು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಕರಾವಳಿಯ ಹುಡುಗರು ರಾತ್ರಿ ಕನ್ನಡದಲ್ಲಿ ಓದಿ, ವಕೀಲರಾಗಿ, ಬ್ಯಾಂಕ್ ಅಧಿಕಾರಿಗಳಾಗಿ, ಉದ್ಯಮಿಗಳಾಗಿ ಬೆಳೆದರು. ಆ ಶಾಲೆಗಳು ಇಂಗ್ಲಿಷಿನ ಬಾಗಿಲನ್ನು ಮುಚ್ಚಲಿಲ್ಲ. ಆ ಬಾಗಿಲಿನ ತನಕ ಕೈಹಿಡಿದು ನಡೆಸಿದವು. ಇಂದು ಪುಣೆ, ಹೈದರಾಬಾದು, ಚೆನ್ನೈಗಳ ಸಂಘಗಳಲ್ಲಿ ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುವ ಸದಸ್ಯರಿಗೆ ಕೊರತೆಯಿಲ್ಲ. ವಾರಕ್ಕೆ ಎರಡು ಗಂಟೆ ಸಂಘದ ಸಭಾಂಗಣದಲ್ಲಿ ಒಂದು ಕಪ್ಪು ಹಲಗೆ, ನಾಲ್ಕು ಹಳೆಯ ಗಣಕಗಳು, ಕನ್ನಡ ಶಾಲೆಗಳಿಂದ ಬಂದ ಹತ್ತು ವಿದ್ಯಾರ್ಥಿಗಳು. ಕಾರ್ಯಾರಂಭಕ್ಕೆ ಇಷ್ಟು ಸಾಕು. ಒಂದು ಸುಗಮ ಸಂಗೀತ ಸಂಜೆಯ ವೆಚ್ಚದಲ್ಲಿ ಇದನ್ನು ವರ್ಷವಿಡೀ ನಡೆಸಬಹುದೆಂದು ಕಾರ್ಯಕಾರಿ ಸಮಿತಿಗಳ ಗಮನಕ್ಕೆ ತರಬಯಸುತ್ತೇನೆ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ಭಾನುವಾರಕ್ಕೆ ಸಭಾಂಗಣದ ಕೀಲಿಯನ್ನು ಯಾರಾದರೂ ತೆರೆದರೆ, ಪಾಠ ಹೇಳುವವರೂ ಕೇಳುವವರೂ ಬಂದೇ ಬರುತ್ತಾರೆ.